ಐದನೇ ಬೆಂಚಿನಿಂದ ಮೊದಲನೇ ಬೆಂಚಿಗೆ

ನಮ್ಮ ಮನೆಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತೇವೆ. ತಾತ ಗಣಿಯಲ್ಲಿ ಡ್ರಿಲ್ಲಿಂಗ್ ಮಷೀನು ಹಿಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಅವರ ಕಿವಿ ಮಂದವಾಗಿತ್ತಂತೆ. ಈಗ ‘ಊಟಕ್ಕೆ ಬನ್ನಿ’ ಎಂದು ಕೂಗಿದರೆ ಅವರೊಬ್ಬರನ್ನು ಬಿಟ್ಟು ಇಡೀ ಲೈನು ಊಟಕ್ಕೆ ಬಂದೀತು. ಅವರ ಜತೆ ಮಾತಾಡಿ ಮಾತಾಡಿ ನಮಗೂ ಅದೇ ದನಿ ಅಂಟಿಕೊಂಡಿದೆ. ಕಾಲೇಜಿನಲ್ಲಿ ನನ್ನನ್ನು ‘ಮೈಕ್‌ಸೆಟ್’ ಎನ್ನುತ್ತಾರೆ.

ಇಂಥ ಮನೆಯಲ್ಲಿ ಒಂದು ಮಗುವಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಏಳು ವರ್ಷ ಯಾರಿಗೂ ಗೊತ್ತಾಗಲಿಲ್ಲ. ನಾವು ಕಿರುಚುತ್ತಿದ್ದೆವು, ಅವನಿಗೆ ಕೇಳಿಸುತ್ತಿತ್ತು. ಅಷ್ಟೇ.

ತಮ್ಮನಿಗೂ ನನಗೂ ಹದಿಮೂರು ವರ್ಷ ವ್ಯತ್ಯಾಸ. ಅಪ್ಪ, ಅಮ್ಮ ಇಬ್ಬರೂ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ಟ್ರೇನ್ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತಾರೆ. ಅಪ್ಪ ಸೆಕ್ಯೂರಿಟಿ, ಅಮ್ಮ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್. ಮನೆಗೆ ಬರುವುದು ರಾತ್ರಿ. ಆಂಡರ್ಸನ್‌ಪೇಟೆಯಲ್ಲಿ ಇದೇನೂ ವಿಶೇಷವಲ್ಲ, ಗಣಿ ಮುಚ್ಚಿದ ಮೇಲೆ ಅರ್ಧ ಊರು ಟ್ರೇನಿನಲ್ಲೇ ಬದುಕುತ್ತಿದೆ. ಹಾಗಾಗಿ ತಮ್ಮನಿಗೆ ಟೈ ಕಟ್ಟುವುದು, ಹೋಮ್‌ವರ್ಕ್ ಮಾಡಿಸುವುದು, ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಹೋಗುವುದು ಎಲ್ಲಾ ನನ್ನ ಪಾಲು. ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವ ನಾನು ಎರಡನೇ ತರಗತಿಯ ಹುಡುಗನೊಬ್ಬನ ‘ಪೇರೆಂಟ್’.

ಮೊದಲ ಮೀಟಿಂಗಿನಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

“ಮನೇಲಿ ಯಾವ ಭಾಷೆ?”

“ತಮಿಳು, ಮೇಡಂ.”

“ಅದಕ್ಕೇ.”

ಹೇಳಿದ್ದು ಅರ್ಥವಾಗುವುದಿಲ್ಲ, ಡಿಕ್ಟೇಷನ್‌ನಲ್ಲಿ ಸೊನ್ನೆ, ಕರೆದರೆ ತಿರುಗುವುದಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ, ಎಲ್ಲಕ್ಕೂ ಆ ‘ಅದಕ್ಕೇ’ ಉತ್ತರವಾಯಿತು. ನಾನೂ ಒಪ್ಪಿಕೊಂಡೆ. ನಮ್ಮ ಊರಿನಲ್ಲಿ ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷು. ನಾನೂ ಒಂದನೇ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲವಂತೆ. ಆಮೇಲೆ ಬಂತಲ್ಲ, ಇವನಿಗೂ ಬರುತ್ತದೆ ಎಂದುಕೊಂಡೆ. ಮೇಡಂ ‘ಮನೇಲಿ ಸ್ವಲ್ಪ ಕನ್ನಡ ಮಾತಾಡಿ’ ಎಂದರು. ಆವತ್ತಿನಿಂದ ಅವನ ಜತೆ ಕನ್ನಡ ಶುರು ಮಾಡಿದೆ. ಅವನು ‘ಎನ್ನ? ಎನ್ನ?’ ಅನ್ನುತ್ತಿದ್ದ. ಏನು, ಏನು ಎಂದು ಅದರ ಅರ್ಥ. ಮೂರನೇ ಸಲ ಕೇಳಿದಾಗ ನನಗೆ ಸಿಟ್ಟು ಬರುತ್ತಿತ್ತು. ಒಂದೆರಡು ಸಲ ಬೆನ್ನಿಗೆ ಕೊಟ್ಟಿದ್ದೇನೆ. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಬರೆಯದಿದ್ದರೆ ಮುಂದಿನದಕ್ಕೆ ಬೆಲೆಯಿಲ್ಲ.

ಅನುಮಾನ ಹುಟ್ಟಿದ್ದು ಡಿಕ್ಟೇಷನ್ ಪುಸ್ತಕದಿಂದ. ನಮ್ಮ ತಮಿಳು ಮನೆಗಳ ಮಕ್ಕಳು ಕನ್ನಡದಲ್ಲಿ ಎಂಥ ತಪ್ಪು ಮಾಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು, ನಾನೇ ಮಾಡಿದ್ದೇನೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಮಹಾಪ್ರಾಣ ನಮ್ಮ ನಾಲಿಗೆಗೆ ಬರುವುದಿಲ್ಲ. ಹಾಗಾಗಿ ಭೂಮಿ ‘ಬೂಮಿ’ಯಾಗುತ್ತದೆ, ಗಂಟೆ ‘ಕಂಟೆ’ಯಾಗುತ್ತದೆ. ತಮ್ಮನ ಪುಸ್ತಕದಲ್ಲಿದ್ದದ್ದು ಆ ತಪ್ಪಲ್ಲ. ‘ಶಾಲೆ’ಗೆ ‘ಆಲೆ’ ಎಂದು ಬರೆದಿದ್ದ. ‘ಸರ’ಕ್ಕೆ ‘ಅರ’. ‘ಕತ್ತೆ’ಗೆ ‘ಅತ್ತೆ’. ಇಂಗ್ಲಿಷ್‌ನಲ್ಲಿ ಕ್ಯಾಟ್, ಕ್ಯಾಟ್ಸ್ ಎರಡೂ ಅವನಿಗೆ ಒಂದೇ. ಆದರೆ ‘ಮನೆ’, ‘ಮರ’, ‘ಆನೆ’ ಸರಿಯಾಗಿದ್ದವು. ತಮಿಳು ಮಾತಾಡುವವರಿಗೆ ‘ಸ’ ಬರುವುದಿಲ್ಲವೇ? ‘ಸಾಪ್ಪಾಡು’ ಅನ್ನದೆ ನಮ್ಮ ಮನೆಯಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಇವನು ಅದನ್ನೂ ‘ಆಪ್ಪಾಡು’ ಎನ್ನುತ್ತಿದ್ದ. ಮುದ್ದು ಮಾತು ಎಂದು ನಾವು ನಗುತ್ತಿದ್ದೆವು.

ಆ ಭಾನುವಾರ ಅವನ ಬೆನ್ನ ಹಿಂದೆ ನಿಂತು, ಕಷ್ಟಪಟ್ಟು ಮೆತ್ತಗಿನ ದನಿಯಲ್ಲಿ ತಮಿಳಿನಲ್ಲೇ ಕೇಳಿದೆ: ಚಾಕೊಲೇಟ್ ಬೇಕಾ? ಅವನು ಬಣ್ಣ ಹಚ್ಚುತ್ತಲೇ ಇದ್ದ. ಇನ್ನೊಮ್ಮೆ ಕೇಳಿದೆ. ಏಳು ವರ್ಷದ ಹುಡುಗ ಚಾಕೊಲೇಟಿಗೆ ತಿರುಗಲಿಲ್ಲ ಎಂದರೆ ಭಾಷೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಅಪ್ಪ ಒಂದು ದಿನದ ಕೂಲಿ ಬಿಟ್ಟರು. ಕೋಲಾರದ ಆಸ್ಪತ್ರೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕು ಎಂದರು. ಗಾಜಿನಾಚೆ ನಿಂತು ನೋಡುತ್ತಿದ್ದೆ. ಮಣಿ ಹಿಡಿದ ಕೈ ಕಿವಿಯ ಹತ್ತಿರವೇ ನಿಂತಿತ್ತು. ಇಷ್ಟು ಹೊತ್ತು ಸದ್ದೇ ಹಾಕಿಲ್ಲವೇನೋ ಎಂದುಕೊಂಡೆ. ಆಡಿಯಾಲಜಿಸ್ಟ್ ಆಚೆ ಗುಂಡಿ ಒತ್ತುತ್ತಲೇ ಇದ್ದರು. ಫಲಿತಾಂಶ: ಬಲಗಿವಿ 46 ಡೆಸಿಬೆಲ್, ಎಡಗಿವಿ 52. ತೆಳುವಾದ, ಎತ್ತರದ ಸದ್ದುಗಳಲ್ಲಿ ಇನ್ನೂ ಹೆಚ್ಚು ನಷ್ಟ. ಸ, ಶ, ತ, ಕ ಎಲ್ಲ ಇರುವುದು ಅಲ್ಲೇ. ಸ್ವರಗಳು ದಪ್ಪ ಸದ್ದು, ಅವು ಕೇಳುತ್ತವೆ. ‘ಶಾಲೆ’ ‘ಆಲೆ’ಯಾಗಿದ್ದು ಹಾಗೆ. ಹುಟ್ಟಿದಾಗ ಕಾಮಾಲೆ ಆಗಿತ್ತಾ ಎಂದು ಡಾಕ್ಟರು ಕೇಳಿದರು. ಆಗಿತ್ತು. ಹತ್ತು ದಿನ ಪೆಟ್ಟಿಗೆಯಲ್ಲಿಟ್ಟಿದ್ದರು.

ಒಂದು ಮಾತು ಇಲ್ಲಿ ಹೇಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬುದು 2013ರಿಂದ ಇದೆ. ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೂ ಹೋಗಿ ಮಕ್ಕಳ ಕಣ್ಣು, ಕಿವಿ, ಹೃದಯ ನೋಡುತ್ತದೆ. ಖಾಸಗಿ ಶಾಲೆಗಳು ಅದರ ಪಟ್ಟಿಯಲ್ಲಿಲ್ಲ. ಅಪ್ಪ ಸಾಲ ಮಾಡಿ ‘ಒಳ್ಳೆ ಶಾಲೆ’ಗೆ ಹಾಕಿದ್ದರಿಂದಲೇ ಆ ತಂಡದ ಕಣ್ಣಿಗೆ ತಮ್ಮ ಬೀಳಲಿಲ್ಲ.

ಇನ್ನು ಸರ್ಟಿಫಿಕೇಟು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಹಳೆಯ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಪಟ್ಟಿ ಬೆಳೆದಿದೆ ನಿಜ, ಆದರೆ ಅದರಲ್ಲಿ ಕಿವಿ ಮಂದ ಎನಿಸಿಕೊಳ್ಳಬೇಕಾದರೆ ಎರಡೂ ಕಿವಿಯಲ್ಲಿ ನಷ್ಟ 60ರಿಂದ 70 ಡೆಸಿಬೆಲ್ ಇರಬೇಕು. 70 ದಾಟಿದರೆ ಕಿವುಡು. ತಮ್ಮನದು ಐವತ್ತರ ಆಸುಪಾಸು. ಶೇ 40ರ ಗೆರೆ ಮುಟ್ಟುವುದಿಲ್ಲ, ಯುಡಿಐಡಿ ಕಾರ್ಡೂ ಇಲ್ಲ. ಆ ಗೆರೆ ಮುಟ್ಟದಿದ್ದರೆ ಕೇಂದ್ರದ ಅಡಿಪ್ ಯೋಜನೆಯ ಉಚಿತ ಶ್ರವಣಯಂತ್ರವೂ ಇಲ್ಲ. ಅಮ್ಮ ಚೀಟಿ ಎತ್ತಿದರು. ಎರಡು ಕಿವಿಗೂ ಸೇರಿ ನಲವತ್ತು ಸಾವಿರ.

ರಿಪೋರ್ಟು ಹಿಡಿದುಕೊಂಡು ಶಾಲೆಗೆ ಹೋದೆ. ನನ್ನ ಬೇಡಿಕೆ ದೊಡ್ಡದೇನೂ ಅಲ್ಲ ಅಂದುಕೊಂಡಿದ್ದೆ: ಅವನನ್ನು ಮುಂದೆ ಕೂರಿಸಿ. ಆಫೀಸಿನಲ್ಲಿ ಸಿಕ್ಕ ಉತ್ತರಗಳನ್ನು ಕೇಳಿದ ಕ್ರಮದಲ್ಲೇ ಹೇಳುತ್ತೇನೆ. ಮುಂದಿನ ಬೆಂಚು ಎಲ್ಲಾ ಪೇರೆಂಟ್ಸೂ ಕೇಳ್ತಾರೆ. ಹೈಟ್ ಪ್ರಕಾರ ಕೂರಿಸೋದು. ಮಷೀನ್ ಹಾಕಿದೀರಲ್ಲ, ಇನ್ನೇನು? ಕಾರ್ಡ್ ಇದೆಯಾ? ಕಾರ್ಡ್ ಇಲ್ಲ ಅಂದ್ರೆ ಸ್ಪೆಷಲ್ ಚೈಲ್ಡ್ ಅಲ್ಲ. ಸ್ಪೆಷಲ್ ಚೈಲ್ಡ್ ಆದ್ರೆ ನಮ್ಮಲ್ಲಿ ಸ್ಪೆಷಲ್ ಟೀಚರ್ ಇಲ್ಲ, ಬೇರೆ ಕಡೆ ನೋಡಿ. ಕೊನೆಯದು: ನಿಮ್ಮ ಅಪ್ಪ ಅಮ್ಮನ್ನ ಕಳಿಸಿ.

ಅವನು ಸ್ಪೆಷಲ್ ಆದರೂ ಜಾಗವಿಲ್ಲ, ಆಗದಿದ್ದರೂ ಜಾಗವಿಲ್ಲ. ಬಿಸಿಲಲ್ಲಿ ಮನೆಗೆ ನಡೆದು ಬರುವಾಗ ಅಳು ಬಂತು. ಸೈನೈಡ್ ದಿಬ್ಬದ ಬಿಳಿ ಧೂಳು ಆವತ್ತು ಗಾಳಿಗೆ ಎದ್ದಿತ್ತು, ಕೇಳಿದವರಿಗೆ ಕಣ್ಣಿಗೆ ಧೂಳು ಬಿತ್ತು ಎಂದೆ.

ಕೋಪ ಇಳಿದ ಮೇಲೆ ಎರಡು ಕೆಲಸ ಮಾಡಿದೆ. ಒಂದು, ಕಾಯ್ದೆಯನ್ನು ನಾನೇ ಓದಿದೆ. ಅದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ನಾವು ರೀಲ್ಸ್ ನೋಡುವ ಫೋನಿನಲ್ಲೇ. ಓದಿದಾಗ ತಿಳಿದದ್ದು: ಶೇ 40ರ ಗೆರೆ ಇರುವುದು ಕೆಲವು ಸವಲತ್ತುಗಳಿಗೆ. ನೌಕರಿಯಲ್ಲಿ ಶೇ 4 ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ಶೇ 5, ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಇಂಥವಕ್ಕೆ. 16ನೇ ಸೆಕ್ಷನ್ನಿನಲ್ಲಿ ಆ ಗೆರೆಯೇ ಇಲ್ಲ. ಸರ್ಕಾರ ಹಣ ಕೊಡುವ ಅಥವಾ ಮಾನ್ಯತೆ ಕೊಟ್ಟ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕಂತೆ ಸಮಂಜಸವಾದ ಹೊಂದಾಣಿಕೆ ಮಾಡಿಕೊಡುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಮಾನ್ಯತೆ ಪಡೆದ ಎಂದರೆ ಖಾಸಗಿ ಶಾಲೆಯೂ ಬಂತು. ಅಂಗವಿಕಲ ವ್ಯಕ್ತಿ ಎಂದರೆ ಯಾರು ಎಂಬುದಕ್ಕೂ ಕಾಯ್ದೆ ಕೊಡುವ ವಿವರಣೆ ಶೇಕಡಾವಾರಿನದಲ್ಲ. ದೀರ್ಘಕಾಲದ ಕೊರತೆಯೊಂದು ಸುತ್ತಲಿನ ಅಡೆತಡೆಗಳ ಜತೆ ಸೇರಿ, ಎಲ್ಲರಂತೆ ಭಾಗವಹಿಸದ ಹಾಗೆ ಮಾಡಿದರೆ ಸಾಕು. ತಮ್ಮನ ಕೊರತೆ ಕಿವಿಯಲ್ಲಿದೆ, ಅಡೆತಡೆ ಐದನೇ ಬೆಂಚಿನಲ್ಲಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ‘ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ’ ತೀರ್ಪನ್ನು ಕೇಳಿರಬಹುದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಸಿವಿಲ್ ಸರ್ವಿಸ್ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದರು. ನಿಗದಿತ ಅಂಗವೈಕಲ್ಯದ ವ್ಯಾಪ್ತಿಗೆ ನೀವು ಬರುವುದಿಲ್ಲ ಎಂದು ನಿರಾಕರಿಸಲಾಯಿತು. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಸಮಂಜಸ ಹೊಂದಾಣಿಕೆಯನ್ನು ಶೇ 40ರವರಿಗೆ ಮಾತ್ರ ಎಂದು ಕಟ್ಟಿಹಾಕುವಂತಿಲ್ಲ ಎಂಬುದು ಅದರ ಸಾರ. ನಮ್ಮ ಅಣ್ಣಂದಿರು, ಅಕ್ಕಂದಿರು ಲೈಬ್ರರಿಯಲ್ಲಿ ಪ್ರಚಲಿತ ವಿದ್ಯಮಾನ ಎಂದು ಗುರುತು ಹಾಕಿಕೊಳ್ಳುವ ತೀರ್ಪು ಎರಡನೇ ತರಗತಿಯ ಬೆಂಚಿಗೂ ಅನ್ವಯಿಸುತ್ತದೆ ಎಂದು ನನಗೆ ಹೊಳೆದದ್ದೇ ಆವಾಗ.

ಎರಡನೇ ಕೆಲಸ, ಲೆಕ್ಕ. ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಪಿಯುಸಿ ಫಿಸಿಕ್ಸ್ ಓದಿದ ಯಾರಿಗೂ ಗೊತ್ತಿರುವುದೇ. ಒಂದು ಮೀಟರಿನಲ್ಲಿ 60, ಎರಡರಲ್ಲಿ 54, ನಾಲ್ಕು ಮೀಟರಿಗೆ 48. ಐದನೇ ಬೆಂಚು ಸುಮಾರು ನಾಲ್ಕು ಮೀಟರ್ ದೂರ. ಅಷ್ಟು ಹೊತ್ತಿಗೆ ಮಾತು ತಮ್ಮನ ಕಿವಿಯ ಗೆರೆಯ ಮೇಲೇ ತೂಗಾಡುತ್ತಿರುತ್ತದೆ. ಲೆಕ್ಕ ಒರಟು, ಒಪ್ಪುತ್ತೇನೆ. ಗೋಡೆ ಸದ್ದನ್ನು ತಿರುಗಿಸುತ್ತದೆ, ಮೇಡಂ ದನಿ ಏರಿಸುತ್ತಾರೆ, ಕಿವಿಯ ರಿಪೋರ್ಟಿನ ಡೆಸಿಬೆಲ್ಲೂ ಪುಸ್ತಕದ ಡೆಸಿಬೆಲ್ಲೂ ಒಂದೇ ಸೊನ್ನೆಯಿಂದ ಶುರುವಾಗುವುದಿಲ್ಲ. ಅತ್ತ ಫ್ಯಾನು, ಕಿಟಕಿಯಾಚೆಯ ಬಸ್ಸು, ನಲವತ್ತು ಮಕ್ಕಳ ಗುಸುಗುಸು ಕೂಡ ಲೆಕ್ಕಕ್ಕೆ ಸೇರಬೇಕಲ್ಲ. ಶ್ರವಣಯಂತ್ರ ಕನ್ನಡಕದ ಹಾಗಲ್ಲ. ಮೇಡಂ ಮಾತನ್ನು ಹೆಚ್ಚಿಸಿದ ಹಾಗೇ ಫ್ಯಾನಿನ ಸದ್ದನ್ನೂ ಹೆಚ್ಚಿಸುತ್ತದೆ. ಹತ್ತಿರವಿದ್ದರೇ ಅದಕ್ಕೂ ಬೆಲೆ.

ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರ ಕೆಲಸ ಹೆಚ್ಚಾಗಿ ಸರ್ಕಾರಿ ಶಾಲೆಗಳಲ್ಲಿ. ಆದರೂ ಒಬ್ಬ ಮೇಡಂ ಅರ್ಧ ಗಂಟೆ ಕೂತು ನನ್ನ ನಾಲ್ಕು ಪುಟದ ಕಾಗದ ಓದಿ, “ಇಷ್ಟೆಲ್ಲ ಯಾರೂ ಓದಲ್ಲಮ್ಮ. ಒಂದೇ ಪುಟ. ಸೆಕ್ಷನ್ ಒಂದು ಸಾಲು ಸಾಕು. ಮಗು ಏನು ಮಾಡಲಾರ ಅನ್ನೋದು ಬೇಡ, ಟೀಚರ್ ಏನು ಮಾಡಬೇಕು ಅನ್ನೋದು ಬರಿ” ಎಂದರು. ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು. ಹೊಸ ಕಾಗದದಲ್ಲಿ ಐದೇ ಕೋರಿಕೆ ಇದ್ದವು. ಮೊದಲ ಬೆಂಚು, ಕಿಟಕಿಯಿಂದ ದೂರ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡದೆ, ಮಕ್ಕಳ ಕಡೆ ತಿರುಗಿ ಮಾತಾಡುವುದು. ಹೋಮ್‌ವರ್ಕನ್ನು ಬಾಯಲ್ಲಿ ಹೇಳುವುದರ ಜತೆ ಬೋರ್ಡಿನಲ್ಲಿ ಬರೆಯುವುದು. ಡಿಕ್ಟೇಷನ್ ಅನ್ನು ಅವನ ಎದುರಿಗೇ ನಿಂತು ಕೊಡುವುದು. ಅರ್ಥವಾಯಿತಾ ಎಂದು ಕೇಳದೆ, ನಾನೇನು ಹೇಳಿದೆ ಹೇಳು ಎಂದು ಕೇಳುವುದು. ಐದಕ್ಕೂ ಖರ್ಚು ಒಂದು ರೂಪಾಯಿಯಿಲ್ಲ.

ಅಮ್ಮನ ಸಹಿ ಹಾಕಿಸಿ ಕೊಟ್ಟೆ. ಎರಡನೇ ಪ್ರತಿಗೆ ಸೀಲು ಹಾಕಿ ಕೊಡಿ ಎಂದೆ. ಆಫೀಸಿನವರು ‘ಅದೆಲ್ಲಾ ಯಾಕೆ, ನಾವು ನೋಡ್ಕೋತೀವಿ’ ಎಂದರು. ‘ಸೀಲ್ ಹಾಕೋವರೆಗೂ ಇಲ್ಲೇ ಕೂತಿರ್ತೀನಿ ಸರ್’ ಎಂದು ಕೂತೆ. ಮಧ್ಯಾಹ್ನದ ಪ್ರಾಕ್ಟಿಕಲ್ಸ್ ಹೋಯಿತು. ಮೂರೂವರೆಗೆ ಸೀಲು ಬಿತ್ತು. ಉತ್ತರ ಬರದಿದ್ದರೆ ಬಿಇಒ ಕಚೇರಿಗೆ, ಅಲ್ಲೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಬರೆಯಬಹುದು ಎಂದು ಗೊತ್ತಿತ್ತು. ಆದರೆ ನನಗೆ ಜಗಳ ಬೇಕಿರಲಿಲ್ಲ. ದೂರು ಕೊಟ್ಟು ಬಂದವಳ ತಮ್ಮ ಎಂದು ದಿನಕ್ಕೆ ಆರು ಗಂಟೆ ಆ ಕೋಣೆಯಲ್ಲಿ ಕೂರಬೇಕಾದವನು ಅವನು, ನಾನಲ್ಲ. ಹಕ್ಕಿನ ಬಗ್ಗೆ ಭಾಷಣ ಮಾಡುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ನಿಜವಾಗಿ ಬಾಗಿಲು ತೆರೆದದ್ದು ಕಾಗದವೋ ಇನ್ನೊಂದೋ, ನನಗೆ ಗೊತ್ತಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಇದೆ. ತಮ್ಮನ ಡಿಕ್ಟೇಷನ್ ಪದಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಎತ್ತರದ ಸದ್ದುಗಳನ್ನು ಸೋಸಿ ತೆಗೆದು, ವಾಲ್ಯೂಮ್ ಇಳಿಸಿದೆ. ಅದನ್ನು ಫೋನಿಗೆ ಹಾಕಿಕೊಂಡು ಶಾಲೆ ಬಿಡುವ ಹೊತ್ತಿಗೆ ಕ್ಲಾಸ್ ಟೀಚರ್ ಹತ್ತಿರ ಹೋದೆ. “ಮೇಡಂ, ಎರಡು ನಿಮಿಷ. ಹತ್ತು ಪದ ಇದೆ, ಬರೀತೀರಾ?” ಅವರು ನಗುತ್ತಲೇ ಪೆನ್ನು ತೆಗೆದರು. ಮೂರನೇ ಪದಕ್ಕೆ ಫೋನನ್ನು ಕಿವಿಗೆ ಒತ್ತಿಕೊಂಡರು. ಐದನೆಯದಕ್ಕೆ ‘ಇನ್ನೊಂದು ಸಲ ಹಾಕಮ್ಮ’ ಎಂದರು. ಹತ್ತರಲ್ಲಿ ನಾಲ್ಕು ಸರಿಯಿತ್ತು. ಆಮೇಲೆ ತಮ್ಮನ ಪುಸ್ತಕ ತೆರೆದು ಪಕ್ಕದಲ್ಲಿಟ್ಟೆ. ಅವರು ‘ಸರ’ ಎಂಬಲ್ಲಿ ‘ಅರ’ ಎಂದೇ ಬರೆದಿದ್ದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ನಲವತ್ತು ಮಕ್ಕಳು, ಬಿಡುವಿಲ್ಲದ ಪೀರಿಯಡ್ಡು, ಕಡಿಮೆ ಸಂಬಳ. ‘ತಮಿಳು ಮನೆ’ ಎಂಬುದು ಅವರ ಕೈಗೆ ಸುಲಭವಾಗಿ ಸಿಕ್ಕ ಕಾರಣವಾಗಿತ್ತು. ನನಗೂ ಅದೇ ಸಿಕ್ಕಿತ್ತಲ್ಲ.

ಸೋಮವಾರ ತಮ್ಮ ಮೊದಲ ಬೆಂಚಿನಲ್ಲಿದ್ದ.

ಎಲ್ಲವೂ ಸರಿಹೋಯಿತು ಎಂದೇನೂ ಅಲ್ಲ. ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸ ಬೇರೆ ಟೀಚರುಗಳಿಗೆ ಬಿಟ್ಟಿಲ್ಲ. ಹುಡುಗರು ಅವನನ್ನು ‘ಬ್ಲೂಟೂತ್’ ಎಂದು ಕರೆಯುತ್ತಾರೆ. ಕಿವಿ ಬೆಳೆದ ಹಾಗೆ ಅಚ್ಚು ಸಡಿಲವಾಗಿ ಯಂತ್ರ ಕುಯ್ಯೆನ್ನುತ್ತದೆ, ಹೊಸ ಅಚ್ಚಿಗೆ ಮತ್ತೆ ದುಡ್ಡು. ಬ್ಯಾಟರಿ ವಾರಕ್ಕೋ ಹತ್ತು ದಿನಕ್ಕೋ ಮುಗಿಯುತ್ತದೆ. ಅಮ್ಮ ವೈಟ್‌ಫೀಲ್ಡ್‌ನಿಂದ ಬರುವಾಗ ತರುತ್ತಾರೆ, ಮರೆತ ದಿನ ತಮ್ಮ ಮತ್ತೆ ‘ಎನ್ನ?’ ಹುಡುಗ. ಡಿಕ್ಟೇಷನ್‌ನಲ್ಲಿ ಈಗ ಹತ್ತಕ್ಕೆ ಆರು, ಏಳು. ಬರುವ ತಪ್ಪುಗಳಲ್ಲಿ ಭೂಮಿಗೆ ‘ಬೂಮಿ’ ಇದೆ. ಅದನ್ನು ನೋಡಿ ನನಗಾದ ಸಂತೋಷ ಯಾರಿಗೂ ಹೇಳುವಂಥದ್ದಲ್ಲ.

ಒಬ್ಬರು, ಕಾಯ್ದೆಯಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಪಡೆಯುವ ಅವಕಾಶವಿದೆ, ಮುಂದೆ ಕೇಳಿ ಎಂದರು. ಅವಕಾಶ ಇರುವುದು ನಿಜ, ಅದು ಬೇಕಾದ ಮಕ್ಕಳೂ ಇದ್ದಾರೆ. ನಾನು ಮಾತ್ರ ಅವಸರಪಡುವುದಿಲ್ಲ. ನಮ್ಮ ಊರಿನಲ್ಲಿ ಒಂದು ಭಾಷೆ ಬಿಟ್ಟರೆ ಒಂದು ಕೆಲಸ ಬಿಟ್ಟ ಹಾಗೆ.

ನನ್ನ ಗೆಳತಿಯರಲ್ಲಿ ಬಿ.ಎಡ್. ಮಾಡಬೇಕೆಂದಿರುವವರು ‘ಈ ಸ್ಪೆಷಲ್ ಟೀಚರ್ ಅನ್ನೋದರಲ್ಲಿ ಕೆಲಸ ಇದೆಯಾ?’ ಎಂದು ಕೇಳುತ್ತಿರುತ್ತಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಎಷ್ಟು ಇಂಥ ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂಬುದನ್ನು ಸರ್ಕಾರ ನಿಗದಿ ಮಾಡಬೇಕು ಎಂದು ಹೇಳಿದೆ. ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್. ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಹುದ್ದೆ ಯಾವಾಗ ತುಂಬುತ್ತಾರೋ ಎಂಬುದು ನಮ್ಮೆಲ್ಲರ ಹಳೆಯ ಪ್ರಶ್ನೆ. ನಾನಂತೂ ಅರ್ಜಿ ಹಾಕುವ ಯೋಚನೆಯಲ್ಲಿದ್ದೇನೆ.

ಮನೆಯಲ್ಲಿ ಇನ್ನೊಂದು ತಮಾಷೆ. ಯಂತ್ರ ಹಾಕಿದ ಮೊದಲ ವಾರ ನಾವೆಲ್ಲ ತಾತನ ಜತೆ ಎಂದಿನ ಹಾಗೆ ಮಾತಾಡುತ್ತಿದ್ದೆವು. ತಮ್ಮ ಎರಡೂ ಕಿವಿ ಮುಚ್ಚಿಕೊಂಡು, “ಅಕ್ಕಾ, ಯಾಕೆ ಎಲ್ಲಾರೂ ಜಗಳ ಆಡ್ತೀರಿ?” ಎಂದು ಕೇಳಿದ. ಏಳು ವರ್ಷ ನಾವು ಆಡಿದ್ದೆಲ್ಲ ಅವನಿಗೆ ಮಾತಾಗಿ ಕೇಳಿಸಿತ್ತು, ಈಗ ಜಗಳವಾಗಿ ಕೇಳಿಸುತ್ತಿದೆ. ತಾತ ಏನೆಂದ ಎಂದು ನನ್ನನ್ನು ಕೇಳಿದರು. ನಾನು ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ.

ಈ ಜೂನ್‌ನಲ್ಲಿ ಮೂರನೇ ತರಗತಿ, ಹೊಸ ಟೀಚರ್. ಸೀಲು ಬಿದ್ದ ಕಾಗದದ ತಾರೀಖು, ತರಗತಿ ಬದಲಿಸಿ, ಹೊಸ ರಿಪೋರ್ಟು ಲಗತ್ತಿಸಿ, ಶಾಲೆ ಶುರುವಾದ ಮೊದಲ ವಾರವೇ ಹೋದೆ. ಅವರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿದ್ದ ಇನಿಷಿಯಲ್ಲುಗಳನ್ನು ನೋಡಿ ತಲೆ ಎತ್ತಿದರು.

“ಮನೇಲಿ ತಮಿಳಾ?”

“ಹೌದು ಮೇಡಂ” ಎಂದು, ಫೋನನ್ನೂ ಒಂದು ಪೆನ್ನನ್ನೂ ಅವರ ಟೇಬಲ್ಲಿನ ಮೇಲಿಟ್ಟೆ.